ಯಾವ ಯಂತ್ರ, ಯಾವ ಪೈಥಾನ್, ಎಲ್ಲೆಲ್ಲಿ ಹುಡುಕಿತು: ಏರ್‌ಫ್ಲೋ ಇಂಪೋರ್ಟ್ ದೋಷಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಬಹಳ ಮಂದಿ ಡೇಟಾ ಎಂಜಿನಿಯರಿಂಗ್ ಕೆಲಸದವರು, ಕೆಲವರು ಈಗಷ್ಟೇ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವರು. ಡೇಟಾ ಕೆಲಸಗಳನ್ನು ಗೊತ್ತಾದ ಹೊತ್ತಿಗೆ, ಕ್ರಮವಾಗಿ ಓಡಿಸುವ ಏರ್‌ಫ್ಲೋ ತಂತ್ರಾಂಶವನ್ನು ಬಳಸಿದವರೆಲ್ಲ ಒಂದಲ್ಲ ಒಂದು ದಿನ ಪರದೆಯ ಮೇಲ್ಭಾಗದಲ್ಲಿ ಕೆಂಪು ಪಟ್ಟಿಯನ್ನು ಕಂಡಿರುತ್ತೀರಿ. “ಬ್ರೋಕನ್ ಡ್ಯಾಗ್” ಎಂಬ ತಲೆಬರಹ (ಡ್ಯಾಗ್ ಎಂದರೆ ಯಾವ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕೆಂದು ಪೈಥಾನಿನಲ್ಲಿ ಬರೆದ ಯೋಜನೆ), ಅದರ ಕೆಳಗೆ “ನೋ ಮಾಡ್ಯೂಲ್ ನೇಮ್ಡ್” ಎಂದು ಶುರುವಾಗುವ ಒಂದು ಸಾಲು. ನಿನ್ನೆ ಸಂಜೆ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡಿದ್ದ ಕೋಡ್ ಕ್ಲೌಡ್‌ಗೆ ಹೋದ ಕೂಡಲೇ ನಿಂತುಬಿಟ್ಟಿರುತ್ತದೆ. ಇವತ್ತು ನಾನು ಮಾತನಾಡುವುದು ಆ ಒಂದು ಸಾಲಿನ ಬಗ್ಗೆ, ಅಂದರೆ ಬೇರೆ ಕಡತದ ಕೋಡನ್ನು (ಮಾಡ್ಯೂಲ್) ಕರೆತರುವ ಇಂಪೋರ್ಟ್ ತಪ್ಪಿದಾಗ ಬರುವ ದೋಷದ ಬಗ್ಗೆ.

ಅದನ್ನು ಓದಿದ ತಕ್ಷಣ ಎಲ್ಲರ ಕೈ ರಿಕ್ವೈರ್‌ಮೆಂಟ್ಸ್ ಕಡತದ ಕಡೆಗೆ, ಅಂದರೆ ಬೇಕಾದ ಪ್ಯಾಕೇಜುಗಳ (ಇತರರು ಬರೆದಿಟ್ಟ ಕೋಡಿನ ಕಟ್ಟುಗಳ) ಪಟ್ಟಿಯ ಕಡೆಗೆ ಹೋಗುತ್ತದೆ. ಪ್ಯಾಕೇಜ್ ಇಲ್ಲ ಎನ್ನುತ್ತಿದೆಯಲ್ಲ, ಸೇರಿಸಿಬಿಡೋಣ ಎಂಬ ಲೆಕ್ಕ. ಕೆಲವು ಸಲ ಅದೇ ಸರಿಯಾದ ಮದ್ದು. ಆದರೆ ಬಹಳ ಸಲ ಆ ಪ್ಯಾಕೇಜ್ ಯಂತ್ರದಲ್ಲಿ ಆಗಲೇ ಇರುತ್ತದೆ. ಪೈಥಾನ್ ಹೇಳುತ್ತಿರುವುದು ಇಷ್ಟೇ: “ಈ ಯಂತ್ರದಲ್ಲಿ, ಈ ಪೈಥಾನ್ ಆದ ನಾನು, ನನಗೆ ಕೊಟ್ಟ ಜಾಗಗಳಲ್ಲಿ ಹುಡುಕಿದೆ, ಈ ಹೆಸರಿನದು ಸಿಗಲಿಲ್ಲ.” ಯಾವ ಯಂತ್ರ, ಯಾವ ಪೈಥಾನ್, ಯಾವ ಜಾಗಗಳು ಎಂಬುದನ್ನು ತಿಳಿದುಕೊಳ್ಳದೆ ರಿಕ್ವೈರ್‌ಮೆಂಟ್ಸ್ ಕಡತವನ್ನು ಮುಟ್ಟಬೇಡಿ. ನಾನು ಹೇಳಬೇಕೆಂದಿರುವ ಮಾತು ಇದೇ. ಮುಂದಿನದೆಲ್ಲ ಇದರ ವಿವರ.

ಏರ್‌ಫ್ಲೋ ಹುಟ್ಟಿದ್ದು 2014ರಲ್ಲಿ, ಏರ್‌ಬಿಎನ್‌ಬಿ ಕಂಪನಿಯಲ್ಲಿ. ಅದನ್ನು ಶುರು ಮಾಡಿದವರು ಮ್ಯಾಕ್ಸಿಮ್ ಬೋಶಮಿನ್. 2016ರಲ್ಲಿ ಅದು ಅಪಾಚೆ ಪ್ರತಿಷ್ಠಾನದ ಮಡಿಲಿಗೆ ಬಂತು, 2019ರ ಜನವರಿಯಲ್ಲಿ ಅಲ್ಲಿನ ಪೂರ್ಣ ಪ್ರಮಾಣದ ಯೋಜನೆಯಾಯಿತು. 2018ರಲ್ಲಿ ಗೂಗಲ್ ಇದನ್ನೇ ಕ್ಲೌಡ್ ಕಂಪೋಸರ್ ಎಂಬ ಸೇವೆಯಾಗಿ ಕೊಡತೊಡಗಿತು. 2020ರ ನವೆಂಬರಿನಲ್ಲಿ ಅಮೆಜಾನ್ ತನ್ನ ಸೇವೆಯನ್ನು ತಂದಿತು, ಅದನ್ನು ಎಲ್ಲರೂ ಎಂಡಬ್ಲ್ಯುಎಎ ಎನ್ನುತ್ತಾರೆ. ಇವೆರಡರಲ್ಲೂ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಕಂಪನಿಯದು. ನಾವು ಬಕೆಟ್‌ಗೆ (ಕ್ಲೌಡ್‌ನಲ್ಲಿ ಕಡತ ಇಡುವ ಜಾಗ) ಡ್ಯಾಗ್ ಕಡತಗಳನ್ನು ಹಾಕಿದರೆ ಸಾಕು. ಇದು ದೊಡ್ಡ ಅನುಕೂಲ. ಆದರೆ ಇಂಪೋರ್ಟ್ ದೋಷ ಬಂದಾಗ ಯಂತ್ರದೊಳಗೆ ಇಣುಕಿ ನೋಡುವ ಅಭ್ಯಾಸ ನಮಗೆ ತಪ್ಪಿಹೋಗಿರುತ್ತದೆ.

ಆ ಯಂತ್ರ ಒಂದಲ್ಲ, ಹಲವು. ಡ್ಯಾಗ್ ಕಡತಗಳನ್ನು ಓದಿ ಅದರಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಡ್ಯಾಗ್ ಪ್ರೊಸೆಸರ್ ಒಂದು ಕಡೆ. ಕೆಲಸವನ್ನು ನಿಜವಾಗಿ ಮಾಡುವ ವರ್ಕರ್‌ಗಳು ಇನ್ನೊಂದು ಕಡೆ. ಪರದೆ ತೋರಿಸುವ ವೆಬ್‌ಸರ್ವರ್ ಮತ್ತೊಂದು ಕಡೆ. ಏರ್‌ಫ್ಲೋ 2ರಿಂದ ಈಚೆಗೆ ವೆಬ್‌ಸರ್ವರ್ ನಿಮ್ಮ ಡ್ಯಾಗ್ ಕಡತವನ್ನು ತಾನೇ ಓದುವುದಿಲ್ಲ, ಡೇಟಾಬೇಸಿನಲ್ಲಿ ಬರೆದಿಟ್ಟ ರೂಪವನ್ನು ತೋರಿಸುತ್ತದೆ. ಹಾಗಾಗಿ ಕೆಂಪು ಪಟ್ಟಿ ಕಂಡದ್ದು ವೆಬ್‌ಸರ್ವರಿನ ಪರದೆಯಲ್ಲಾದರೂ ಇಂಪೋರ್ಟ್ ತಪ್ಪಿದ್ದು ಅಲ್ಲಲ್ಲ, ಡ್ಯಾಗ್ ಪ್ರೊಸೆಸರ್ ಇರುವ ಯಂತ್ರದಲ್ಲಿ.

ಆದ್ದರಿಂದ ದೋಷ ಕಂಡದ್ದು ಎಲ್ಲಿ ಎಂಬುದೇ ಮೊದಲ ಸುಳಿವು. ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಕಂಡರೆ ಕಡತವನ್ನು ಓದುವ ಹಂತದಲ್ಲೇ ಎಡವಿದೆ ಎಂದರ್ಥ. ಪಟ್ಟಿ ಇಲ್ಲ, ಡ್ಯಾಗ್ ಚೆನ್ನಾಗಿಯೇ ಕಾಣುತ್ತಿದೆ, ಆದರೆ ಟಾಸ್ಕ್‌ನ, ಅಂದರೆ ಡ್ಯಾಗ್‌ನೊಳಗಿನ ಒಂದು ಕೆಲಸದ, ಲಾಗ್‌ನಲ್ಲಿ ಇಂಪೋರ್ಟ್ ದೋಷ ಇದೆ ಎಂದಾದರೆ ಎರಡರಲ್ಲಿ ಒಂದು: ಇಂಪೋರ್ಟ್ ಸಾಲು ಫಂಕ್ಷನ್ನಿನ ಒಳಗಿದೆ, ಅಥವಾ ವರ್ಕರ್ ಯಂತ್ರ ಡ್ಯಾಗ್ ಪ್ರೊಸೆಸರಿನ ಯಂತ್ರದ ಹಾಗಿಲ್ಲ. ವರ್ಕರ್ ಕೂಡ ಟಾಸ್ಕ್ ಶುರು ಮಾಡುವ ಮುನ್ನ ಅದೇ ಡ್ಯಾಗ್ ಕಡತವನ್ನು ಮತ್ತೆ ಓದುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಹೊಸ ಪ್ಯಾಕೇಜ್ ಒಂದು ಯಂತ್ರಕ್ಕೆ ಬಂದು ಇನ್ನೊಂದಕ್ಕೆ ಇನ್ನೂ ಬಾರದ ಕೆಲವು ನಿಮಿಷಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇಂಪೋರ್ಟ್ ದೋಷದಂತೆ ಕಾಣುವ, ಆದರೆ ಅದಲ್ಲದ ಒಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಡ್ಯಾಗ್ ಕಡತವನ್ನು ಓದಿ ಮುಗಿಸಲು ಏರ್‌ಫ್ಲೋ ಕೊಡುವ ಸಮಯ, ಯಾರೂ ಬದಲಿಸದಿದ್ದರೆ, 30 ಸೆಕೆಂಡು. ಕಡತದ ತಲೆಯಲ್ಲೇ ಟೆನ್ಸರ್‌ಫ್ಲೋದಂಥ ಭಾರಿ ಲೈಬ್ರರಿಯನ್ನು ಇಂಪೋರ್ಟ್ ಮಾಡಿದರೆ, ಯಂತ್ರ ಸಣ್ಣದಿದ್ದರೆ, ಸಮಯ ಮೀರಿ ಅದೂ ಅದೇ ಕೆಂಪು ಪಟ್ಟಿಯಲ್ಲೇ ಬಂದು ಕೂರುತ್ತದೆ. ಪ್ಯಾಕೇಜ್ ಇದ್ದೇ ಇದೆ, ಓದಲು ಹೊತ್ತು ಸಾಲದು. ಆ ಇಂಪೋರ್ಟನ್ನು ಫಂಕ್ಷನ್ನಿನ ಒಳಗೆ ಸರಿಸಿದರೆ ಮುಗಿಯಿತು.

ಈಗ ದೋಷದ ಮಾತುಗಳನ್ನೇ ಹತ್ತಿರದಿಂದ ನೋಡೋಣ. ಪೈಥಾನ್ 3.6ರಿಂದ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಎಂಬ ಪ್ರತ್ಯೇಕ ದೋಷ ಬಂದಿದೆ. ಅದು ಬಂದರೆ ಆ ಹೆಸರಿನ ಮಾಡ್ಯೂಲ್ ಎಲ್ಲೂ ಸಿಗಲಿಲ್ಲ ಎಂದರ್ಥ. ಬರೀ ಇಂಪೋರ್ಟ್‌ಎರರ್ ಬಂದು “ಕ್ಯಾನಾಟ್ ಇಂಪೋರ್ಟ್ ನೇಮ್” ಎಂದಿದ್ದರೆ ಸಂಗತಿಯೇ ಬೇರೆ: ಮಾಡ್ಯೂಲ್ ಸಿಕ್ಕಿದೆ, ಅದರೊಳಗೆ ನೀವು ಕೇಳಿದ ಹೆಸರಿಲ್ಲ. ಅಂದರೆ ಸಿಕ್ಕಿದ್ದು ಬೇರೆ ಆವೃತ್ತಿ, ಅಥವಾ ಅದೇ ಹೆಸರಿನ ಬೇರೊಂದು ಮಾಡ್ಯೂಲ್. ಈ ಎರಡನೆಯ ದೋಷಕ್ಕೆ ಪ್ಯಾಕೇಜ್ ಸೇರಿಸುತ್ತಾ ಹೋದರೆ ಎಷ್ಟು ಸೇರಿಸಿದರೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಾಲೂಕುವಾರು ಮಳೆಯ ಅಂಕಿಗಳನ್ನು ಪ್ರತಿದಿನ ಒಟ್ಟುಗೂಡಿಸುವ ಡ್ಯಾಗ್ ಒಂದನ್ನು ನೀವು ಬರೆದಿದ್ದೀರಿ ಎಂದುಕೊಳ್ಳಿ. ಸರಾಸರಿ ಲೆಕ್ಕ ಹಾಕುವ ಫಂಕ್ಷನ್ನುಗಳನ್ನು ಡ್ಯಾಗ್ಸ್ ಫೋಲ್ಡರಿನಲ್ಲೇ ಸ್ಟ್ಯಾಟಿಸ್ಟಿಕ್ಸ್ ಎಂಬ ಹೆಸರಿನ ಪೈಥಾನ್ ಕಡತದಲ್ಲಿ ಇಟ್ಟಿದ್ದೀರಿ. ಲ್ಯಾಪ್‌ಟಾಪಿನಲ್ಲಿ ಡ್ಯಾಗ್ ಕಡತವನ್ನು ನೇರವಾಗಿ ಓಡಿಸಿ ನೋಡುತ್ತೀರಿ, ಸರಿಯಾಗಿದೆ. ಕ್ಲೌಡ್‌ಗೆ ಹಾಕುತ್ತೀರಿ. ಸ್ಟ್ಯಾಟಿಸ್ಟಿಕ್ಸ್‌ನಿಂದ ತಾಲೂಕ್ ಆವರೇಜ್ ಎಂಬ ಹೆಸರನ್ನು ಇಂಪೋರ್ಟ್ ಮಾಡಲಾಗದು ಎಂಬ ಕೆಂಪು ಪಟ್ಟಿ ಬರುತ್ತದೆ. ಕಡತ ಕಣ್ಣೆದುರಿಗೇ ಇದೆ, ಫಂಕ್ಷನ್ ಅದರೊಳಗಿದೆ. ಮತ್ತೆ ಅಪ್‌ಲೋಡ್ ಮಾಡುತ್ತೀರಿ, ಮತ್ತೆ ಅದೇ.

ಉತ್ತರ ಆ ಸಾಲಿನ ಕೊನೆಯಲ್ಲೇ ಇದೆ. ಪೈಥಾನ್ 3.7ರಿಂದ ಈ ದೋಷದ ತುದಿಯಲ್ಲಿ ಆವರಣದೊಳಗೆ ಒಂದು ವಿಳಾಸ ಬರುತ್ತದೆ, ತಾನು ಯಾವ ಕಡತವನ್ನು ತೆರೆದೆ ಎಂದು ಪೈಥಾನ್ ಹೇಳುವ ವಿಳಾಸ. ಅದನ್ನು ಓದಿದರೆ ನಿಮ್ಮ ಡ್ಯಾಗ್ಸ್ ಫೋಲ್ಡರಿನ ಹೆಸರು ಅಲ್ಲಿಲ್ಲ. ಇರುವುದು ಯೂಸರ್, ಲೋಕಲ್, ಲಿಬ್, ಪೈಥಾನ್ 3.11 ಎಂಬಂಥ ದಾರಿ. ಅಂದರೆ ಪೈಥಾನಿನ ಜೊತೆಯಲ್ಲೇ ಬರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್. ನಿಮ್ಮದು ಆಮೇಲೆ ಬರಬೇಕಿತ್ತು, ಸರದಿ ಬರುವ ಮುನ್ನವೇ ಹುಡುಕಾಟ ಮುಗಿದಿದೆ.

ಲ್ಯಾಪ್‌ಟಾಪಿನಲ್ಲಿ ಏಕೆ ಓಡಿತು? ಪೈಥಾನ್ ಹುಡುಕುವ ಜಾಗಗಳಿಗೆ ಒಂದು ಕ್ರಮವಿದೆ. ಅದು ಸಿಸ್ ಮಾಡ್ಯೂಲಿನ ಪಾತ್ ಎಂಬ ಪಟ್ಟಿಯಲ್ಲಿರುತ್ತದೆ. ಕಡತವೊಂದನ್ನು ನೇರವಾಗಿ ಓಡಿಸಿದಾಗ ಆ ಕಡತ ಇರುವ ಫೋಲ್ಡರೇ ಪಟ್ಟಿಯ ಮೊದಲ ಸ್ಥಾನದಲ್ಲಿರುತ್ತದೆ. ಏರ್‌ಫ್ಲೋ ಮಾತ್ರ ಡ್ಯಾಗ್ಸ್ ಮತ್ತು ಪ್ಲಗಿನ್ಸ್ ಫೋಲ್ಡರುಗಳನ್ನು ಪಟ್ಟಿಯ ಕೊನೆಗೆ ಸೇರಿಸುತ್ತದೆ. ಊರಿನಲ್ಲಿ ಮಂಜುನಾಥನ ಮನೆ ಕೇಳಿಕೊಂಡು ಬಂದವನು ಮೊದಲು ಸಿಕ್ಕ ಮಂಜುನಾಥನ ಮನೆಗೇ ಹೋಗಿ ಕೂರುವ ಹಾಗೆ, ಪೈಥಾನ್ ಮೊದಲು ಸಿಕ್ಕ ಹೆಸರನ್ನೇ ಹಿಡಿಯುತ್ತದೆ, ಮುಂದಕ್ಕೆ ಹುಡುಕುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಮೊದಲು ಸಿಕ್ಕಿದ್ದು ನಿಮ್ಮದು, ಕ್ಲೌಡ್‌ನಲ್ಲಿ ಮೊದಲು ಸಿಕ್ಕಿದ್ದು ಪೈಥಾನಿನದು.

ಇದಕ್ಕೆ ಪರಿಹಾರವಾಗಿ ಪಾತ್ ಪಟ್ಟಿಯ ತಲೆಗೆ ತಮ್ಮ ಫೋಲ್ಡರನ್ನು ತುರುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ಅದೇ ಪ್ರಕ್ರಿಯೆಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಬೇಕಾದ ಬೇರೆ ಲೈಬ್ರರಿಗಳಿಗೆಲ್ಲ ನಿಮ್ಮ ಮಳೆಯ ಲೆಕ್ಕದ ಕಡತ ಸಿಗುತ್ತದೆ. ನಿಮ್ಮ ದೋಷವನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ. ಡ್ಯಾಗ್ಸ್ ಫೋಲ್ಡರಿನೊಳಗೆ ನಿಮ್ಮ ತಂಡದ್ದೇ ಆದ, ಬೇರೆಲ್ಲೂ ಇರಲಾರದ ಹೆಸರಿನ ಒಂದು ಫೋಲ್ಡರ್ ಮಾಡಿ, ಎಲ್ಲ ಸಹಾಯಕ ಕೋಡನ್ನೂ ಅದರೊಳಗೆ ಇಡಿ. ಯುಟಿಲ್ಸ್, ಕಾಮನ್, ಹೆಲ್ಪರ್ಸ್, ಕಾನ್ಫಿಗ್ ಎಂಬ ಹೆಸರುಗಳು ಬೇಡ. ಇಂಥ ಹೆಸರಿನ ಫೋಲ್ಡರುಗಳನ್ನು ಅಜಾಗರೂಕತೆಯಿಂದ ತಮ್ಮ ಜೊತೆಗೇ ತಂದು ಸೈಟ್ ಪ್ಯಾಕೇಜಸ್‌ನಲ್ಲಿ (ಇನ್‌ಸ್ಟಾಲ್ ಆದ ಪ್ಯಾಕೇಜುಗಳಿರುವ ಫೋಲ್ಡರ್) ಕೂರಿಸುವ ಲೈಬ್ರರಿಗಳೂ ಇವೆ.

ಇದರ ತಮ್ಮನಂಥ ಇನ್ನೊಂದು ದೋಷವಿದೆ. ಗಿಟ್ ಭಂಡಾರದ ಅತಿ ಮೇಲಿನ ಫೋಲ್ಡರಿನಲ್ಲಿ ನಿಂತು ಕೆಲಸ ಮಾಡುವವರು “ಡ್ಯಾಗ್ಸ್ ಡಾಟ್ ಮಳೆ ಡಾಟ್ ಲೆಕ್ಕ” ಎಂದು ಇಂಪೋರ್ಟ್ ಬರೆಯುತ್ತಾರೆ. ಎಡಿಟರ್ ಕೂಡ ಹಾಗೆಯೇ ತುಂಬಿಕೊಡುತ್ತದೆ. ಕಂಪೋಸರಿನಲ್ಲಿ ಡ್ಯಾಗ್‌ಗಳಿರುವುದು ಹೋಮ್, ಏರ್‌ಫ್ಲೋ, ಜಿಸಿಎಸ್, ಡ್ಯಾಗ್ಸ್ ಎಂಬ ದಾರಿಯಲ್ಲಿ. ಎಂಡಬ್ಲ್ಯುಎಎಯಲ್ಲಿ ಯೂಸರ್, ಲೋಕಲ್, ಏರ್‌ಫ್ಲೋ, ಡ್ಯಾಗ್ಸ್. ಪಾತ್ ಪಟ್ಟಿಯಲ್ಲಿರುವುದು ಆ ಡ್ಯಾಗ್ಸ್ ಫೋಲ್ಡರೇ ಹೊರತು ಅದರ ಮೇಲಿನದಲ್ಲ. ಹಾಗಾಗಿ ಇಂಪೋರ್ಟ್ ಶುರುವಾಗಬೇಕಾದದ್ದು ಡ್ಯಾಗ್ಸ್‌ನ ಒಳಗಿನ ಹೆಸರಿನಿಂದ. ಡ್ಯಾಗ್ ಕಡತದಲ್ಲಿ ಚುಕ್ಕಿಯಿಂದ ಶುರುವಾಗುವ ಸಾಪೇಕ್ಷ ಇಂಪೋರ್ಟ್ ಕೂಡ ನಡೆಯುವುದಿಲ್ಲ. ಏರ್‌ಫ್ಲೋ ನಿಮ್ಮ ಡ್ಯಾಗ್ ಕಡತವನ್ನು ಅದರ ಹೆಸರಿನಲ್ಲೇ ಲೋಡ್ ಮಾಡುವುದಿಲ್ಲ. “ಅನ್‌ಯೂಶುವಲ್ ಪ್ರಿಫಿಕ್ಸ್” ಎಂದು ಆರಂಭಿಸಿ, ಕಡತದ ವಿಳಾಸದಿಂದ ತಯಾರಿಸಿದ ಒಂದು ಉದ್ದನೆಯ ಹ್ಯಾಶ್ ಸೇರಿಸಿ, ಕೊನೆಗೆ ಕಡತದ ಹೆಸರು ಜೋಡಿಸಿ ಲೋಡ್ ಮಾಡುತ್ತದೆ. ಆ ಹೆಸರಿಗೆ ತಂದೆ ಪ್ಯಾಕೇಜ್ ಎಂಬುದು ಇಲ್ಲವೇ ಇಲ್ಲ, ಚುಕ್ಕಿ ಎಲ್ಲಿಗೆ ತೋರಿಸಬೇಕು? ಲಾಗ್‌ನಲ್ಲಿ ಆ ವಿಚಿತ್ರ ಹೆಸರು ಕಂಡು ಗಾಬರಿಯಾದವರಿದ್ದಾರೆ. ಗಾಬರಿ ಬೇಡ, ಅದು ಏರ್‌ಫ್ಲೋ ತಾನೇ ಇಟ್ಟ ಹೆಸರು.

ಇನ್ನು ಹೊರಗಿನ ಪ್ಯಾಕೇಜುಗಳ ವಿಷಯ. ನಾವು ಇಂಪೋರ್ಟ್ ಮಾಡುವ ಹೆಸರೂ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ಗೆ ಕೊಡುವ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಇಂಪೋರ್ಟ್ ಮಾಡುವುದು ಯಾಮಲ್, ಪಿಪ್‌ಗೆ ಹೇಳಬೇಕಾದದ್ದು ಪೈಯಾಮಲ್. ಇಂಪೋರ್ಟ್ ಸಿವಿ2, ಪ್ಯಾಕೇಜ್ ಓಪನ್‌ಸಿವಿ ಪೈಥಾನ್. ಪಿಐಎಲ್ ಬೇಕಾದರೆ ಪಿಲೋ. ಎಸ್‌ಕೆಲರ್ನ್ ಬೇಕಾದರೆ ಸೈಕಿಟ್ ಲರ್ನ್. ದೋಷದಲ್ಲಿ ಕಂಡ ಹೆಸರನ್ನೇ ರಿಕ್ವೈರ್‌ಮೆಂಟ್ಸ್‌ನಲ್ಲಿ ಬರೆಯುವ ಅಭ್ಯಾಸ ಎಷ್ಟು ವ್ಯಾಪಕವಾಗಿತ್ತೆಂದರೆ, ಎಸ್‌ಕೆಲರ್ನ್ ಎಂಬ ಹೆಸರಿನಲ್ಲೇ ಒಂದು ಪ್ಯಾಕೇಜನ್ನು ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐಯಲ್ಲಿ ವರ್ಷಗಟ್ಟಲೆ ಇಟ್ಟಿದ್ದರು. 2023ರ ಕೊನೆಯ ಹೊತ್ತಿಗೆ ಅದನ್ನು ಪೂರ್ತಿ ನಿಲ್ಲಿಸಿ, ಸರಿಯಾದ ಹೆಸರನ್ನು ಹೇಳುವ ದೋಷ ಮಾತ್ರ ಬರುವಂತೆ ಮಾಡಿದರು. ಇಲ್ಲಿ ಭದ್ರತೆಯ ಪ್ರಶ್ನೆಯೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜನ ಊಹಿಸಿ ಬರೆಯುವ ಹೆಸರುಗಳಲ್ಲಿ ಕೇಡಿನ ಪ್ಯಾಕೇಜುಗಳನ್ನು ಹಾಕಿ ಕಾಯುವವರು ಇದ್ದಾರೆ. ನಿಮ್ಮ ವರ್ಕರ್ ಯಂತ್ರಕ್ಕೆ ಡೇಟಾಬೇಸಿನ ಪಾಸ್‌ವರ್ಡು, ಬಕೆಟ್‌ನ ಅನುಮತಿ ಎಲ್ಲವೂ ಇರುತ್ತವೆ. ಊಹಿಸಿ ಇನ್‌ಸ್ಟಾಲ್ ಮಾಡುವ ಜಾಗ ಅದಲ್ಲ. ಪೈಥಾನ್ 3.10ರಿಂದ ಇಂಪೋರ್ಟ್‌ಲಿಬ್ ಮೆಟಾಡೇಟಾದಲ್ಲಿ ಪ್ಯಾಕೇಜಸ್ ಡಿಸ್ಟ್ರಿಬ್ಯೂಷನ್ಸ್ ಎಂಬ ಫಂಕ್ಷನ್ ಇದೆ. ಲ್ಯಾಪ್‌ಟಾಪಿನಲ್ಲಿ ಅದನ್ನು ಕರೆದರೆ ಯಾವ ಇಂಪೋರ್ಟ್ ಹೆಸರು ಯಾವ ಪ್ಯಾಕೇಜಿನಿಂದ ಬಂದಿದೆ ಎಂದು ಪಟ್ಟಿ ಕೊಡುತ್ತದೆ. ಊಹೆಯ ಅಗತ್ಯವೇ ಇಲ್ಲ.

ಈಗ ಅತ್ಯಂತ ಹೆಚ್ಚು ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ನೀವು ಏನೂ ಬದಲಿಸಿಲ್ಲ. ಡ್ಯಾಗ್ ಅದೇ, ರಿಕ್ವೈರ್‌ಮೆಂಟ್ಸ್ ಅದೇ. ಆದರೂ ಪರಿಸರವನ್ನು (ಏರ್‌ಫ್ಲೋ ಓಡುವ ಯಂತ್ರಗಳು, ಪ್ಯಾಕೇಜುಗಳ ಒಟ್ಟು ವ್ಯವಸ್ಥೆ) ಹೊಸದಾಗಿ ಕಟ್ಟಿದಾಗ ಇಂಪೋರ್ಟ್ ಮುರಿಯುತ್ತದೆ. ಇದಕ್ಕೆ 2022ರ ಫೆಬ್ರವರಿಯಲ್ಲಿ ನಡೆದದ್ದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಮಾರ್ಕಪ್‌ಸೇಫ್ ಎಂಬ ಸಣ್ಣ ಲೈಬ್ರರಿ ತನ್ನ 2.1.0 ಆವೃತ್ತಿಯಲ್ಲಿ ಸಾಫ್ಟ್ ಯೂನಿಕೋಡ್ ಎಂಬ ಹಳೆಯ ಫಂಕ್ಷನ್ನನ್ನು ತೆಗೆದುಹಾಕಿತು. ಮೊದಲೇ ಎಚ್ಚರಿಕೆ ಕೊಟ್ಟು ಮಾಡಿದ ಕೆಲಸ ಅದು, ಅವರದು ತಪ್ಪಲ್ಲ. ಆದರೆ ಅದನ್ನು ಬಳಸುವ ಜಿಂಜಾ2 ಎಂಬ ಇನ್ನೊಂದು ಲೈಬ್ರರಿಯ ಹಳೆಯ ಆವೃತ್ತಿಗಳು ಆ ಹೆಸರನ್ನು ಇಂಪೋರ್ಟ್ ಮಾಡುತ್ತಿದ್ದವು. ಜಿಂಜಾ2ರ ಆವೃತ್ತಿಯನ್ನು ಬಿಗಿ ಮಾಡಿ, ಅದರ ಕೆಳಗಿನ ಮಾರ್ಕಪ್‌ಸೇಫನ್ನು ಸಡಿಲ ಬಿಟ್ಟಿದ್ದ ಯೋಜನೆಗಳೆಲ್ಲ ಆ ದಿನಗಳಲ್ಲಿ ಒಂದೇ ದೋಷ ಕಂಡವು: ಮಾರ್ಕಪ್‌ಸೇಫ್‌ನಿಂದ ಸಾಫ್ಟ್ ಯೂನಿಕೋಡನ್ನು ಇಂಪೋರ್ಟ್ ಮಾಡಲಾಗದು. ಅವರಲ್ಲಿ ಬಹಳ ಜನ ಮಾರ್ಕಪ್‌ಸೇಫ್ ಎಂಬ ಹೆಸರನ್ನೇ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಏರ್‌ಫ್ಲೋಗೆ ಈ ಅಪಾಯ ಉಳಿದವಕ್ಕಿಂತ ಹೆಚ್ಚು, ಏಕೆಂದರೆ ಅದು ಓಡಿಸುವ ತಂತ್ರಾಂಶವೂ ಹೌದು, ನಾವು ನಮ್ಮ ಕೋಡಿನಲ್ಲಿ ಇಂಪೋರ್ಟ್ ಮಾಡುವ ಲೈಬ್ರರಿಯೂ ಹೌದು. ಲೈಬ್ರರಿಯಾಗಿ ಅದು ತನ್ನ ಅವಲಂಬನೆಗಳನ್ನು ಆದಷ್ಟು ಸಡಿಲವಾಗಿ ಬಿಡಬೇಕು, ಇಲ್ಲದಿದ್ದರೆ ನಮಗೆ ಬೇಕಾದ ಆವೃತ್ತಿಗಳನ್ನು ಹಾಕಿಕೊಳ್ಳಲು ಆಗುವುದಿಲ್ಲ. ತಂತ್ರಾಂಶವಾಗಿ ಅದು ಎಲ್ಲವನ್ನೂ ಬಿಗಿಯಾಗಿ ಹಿಡಿಯಬೇಕು. ಈ ಇಕ್ಕಟ್ಟಿಗೆ ಏರ್‌ಫ್ಲೋ ಬಳಗ ಕಂಡುಕೊಂಡ ದಾರಿ ಕನ್‌ಸ್ಟ್ರೇಂಟ್ಸ್ ಕಡತ. ಪ್ರತಿ ಬಿಡುಗಡೆಯ ಜೊತೆ, ಪ್ರತಿ ಪೈಥಾನ್ ಆವೃತ್ತಿಗೂ ಬೇರೆಯಾಗಿ, ಪರೀಕ್ಷಿಸಿದ ಆವೃತ್ತಿಗಳ ಪಟ್ಟಿಯೊಂದನ್ನು ಅವರು ಗಿಟ್‌ಹಬ್‌ನಲ್ಲಿ ಇಡುತ್ತಾರೆ. ನನ್ನ ಮಟ್ಟಿಗೆ ಏರ್‌ಫ್ಲೋ ಬಳಗ ಮಾಡಿರುವ ಅತ್ಯಂತ ಉಪಕಾರದ ಕೆಲಸಗಳಲ್ಲಿ ಇದೊಂದು.

ಕನ್‌ಸ್ಟ್ರೇಂಟ್ಸ್ ಕಡತ ತಾನಾಗಿ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಯಾವುದಾದರೂ ಪ್ಯಾಕೇಜ್ ಬೇಕಾಗಿ ಬಂದರೆ ಅದರ ಇದೇ ಆವೃತ್ತಿ ಇರಲಿ ಎಂದು ಪಿಪ್‌ಗೆ ಹೇಳುತ್ತದೆ, ಅಷ್ಟೆ. ಎಂಡಬ್ಲ್ಯುಎಎಯಲ್ಲಿ ರಿಕ್ವೈರ್‌ಮೆಂಟ್ಸ್ ಕಡತದ ಮೊದಲ ಸಾಲಿನಲ್ಲೇ ಇದನ್ನು ಸೂಚಿಸಬೇಕು. ಏರ್‌ಫ್ಲೋ 2.7.2ರಿಂದ ಈಚೆಗೆ ನೀವು ಸೂಚಿಸದಿದ್ದರೆ ಅಮೆಜಾನ್ ತಾನೇ ಒಂದನ್ನು ಹಾಕುತ್ತದೆ. ಆ ಕಡತದ ವಿಳಾಸದಲ್ಲಿ ಏರ್‌ಫ್ಲೋ ಆವೃತ್ತಿ, ಪೈಥಾನ್ ಆವೃತ್ತಿ ಎರಡೂ ಇರುತ್ತವೆ. ಪರಿಸರವನ್ನು ಮೇಲ್ದರ್ಜೆಗೇರಿಸಿದ ಮೇಲೂ ಹಳೆಯ ವಿಳಾಸವನ್ನೇ ಉಳಿಸಿಕೊಂಡು ಒದ್ದಾಡುವುದು ಸಾಮಾನ್ಯ. ಅದನ್ನು ಮೊದಲು ನೋಡಿ.

ನಿಮಗೆ ಬೇಕಾದ ಪ್ಯಾಕೇಜ್ ಕನ್‌ಸ್ಟ್ರೇಂಟ್ಸ್‌ಗೆ ಒಪ್ಪದಿದ್ದರೆ ಪಿಪ್ ಸ್ಪಷ್ಟವಾಗಿ ಹೇಳುತ್ತದೆ. 2020ರ ನವೆಂಬರಿನಲ್ಲಿ ಬಂದ ಪಿಪ್ 20.3ರಿಂದ ಅದರ ಹೊಸ ರಿಸಾಲ್ವರ್ ಎಲ್ಲ ಬೇಡಿಕೆಗಳನ್ನೂ ಒಟ್ಟಿಗೆ ಹೊಂದಿಸಿ ನೋಡುತ್ತದೆ, ಹೊಂದದಿದ್ದರೆ ಯಾವುದನ್ನೂ ಹಾಕುವುದಿಲ್ಲ. ಇದರ ಪರಿಣಾಮವನ್ನು ನೆನಪಿಡಿ: ರಿಕ್ವೈರ್‌ಮೆಂಟ್ಸ್‌ನ ಹತ್ತನೆಯ ಸಾಲಿನ ಜಗಳದಿಂದ ಮೊದಲ ಸಾಲಿನ ಪ್ಯಾಕೇಜೂ ಬರುವುದಿಲ್ಲ. ಕೆಂಪು ಪಟ್ಟಿಯಲ್ಲಿ ಕಾಣುವುದು ಮೊದಲ ಸಾಲಿನ ಪ್ಯಾಕೇಜಿನ ಹೆಸರು. ನೀವು ಗಂಟೆಗಟ್ಟಲೆ ಆ ಪ್ಯಾಕೇಜಿನ ಹಿಂದೆ ಬೀಳುತ್ತೀರಿ, ಅದರದೇನೂ ತಪ್ಪಿರುವುದಿಲ್ಲ. ಆದ್ದರಿಂದ ಇನ್‌ಸ್ಟಾಲ್ ಲಾಗನ್ನು ಓದದೆ ಮುಂದೆ ಹೋಗಬೇಡಿ. ಎಂಡಬ್ಲ್ಯುಎಎಯಲ್ಲಿ ಅದು ಅಮೆಜಾನಿನ ಲಾಗ್ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ರಿಕ್ವೈರ್‌ಮೆಂಟ್ಸ್ ಇನ್‌ಸ್ಟಾಲ್ ಎಂದು ಶುರುವಾಗುವ ಹೆಸರಿನಲ್ಲಿರುತ್ತದೆ. ಕಂಪೋಸರಿನಲ್ಲಿ ಪ್ಯಾಕೇಜ್ ಬದಲಾವಣೆ ಎಂದರೆ ಹೊಸ ಇಮೇಜ್ (ಓಡಲು ಬೇಕಾದ ತಂತ್ರಾಂಶವೆಲ್ಲ ಇರುವ ಕಟ್ಟು) ಕಟ್ಟುವುದು, ಹಾಗಾಗಿ ಆ ಬಿಲ್ಡ್‌ನ ಲಾಗ್ ನೋಡಬೇಕು. ಎಂಡಬ್ಲ್ಯುಎಎಯವರಿಗೆ ಇನ್ನೊಂದು ಮಾತು. ಎಸ್3 ಬಕೆಟ್‌ಗೆ ಹೊಸ ರಿಕ್ವೈರ್‌ಮೆಂಟ್ಸ್ ಕಡತ ಹಾಕಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಪರಿಸರದ ಸೆಟ್ಟಿಂಗಿನಲ್ಲಿ ಆ ಕಡತದ ಹೊಸ ಆವೃತ್ತಿಯನ್ನು ಆರಿಸಿ ಅಪ್‌ಡೇಟ್ ಮಾಡಬೇಕು. ಅದನ್ನು ಮರೆತು ಹಳೆಯ ಪಟ್ಟಿಯ ಮೇಲೆ ಹೊಸ ಡ್ಯಾಗ್ ಓಡಿಸುತ್ತಾ ಕೂತರೆ ದಿನ ಕಳೆದುಹೋಗುತ್ತದೆ.

ಪ್ಯಾಕೇಜ್ ಇದೆ, ಆವೃತ್ತಿಯೂ ಸರಿಯಿದೆ, ಆದರೂ ಇಂಪೋರ್ಟ್ ಆಗದ ಒಂದು ಜಾತಿ ಉಳಿಯಿತು. ದೋಷದಲ್ಲಿ ಲಿಬ್‌ಪಿಕ್ಯು ಅಥವಾ ಲಿಬ್‌ಜಿಎಲ್ ಎಂಬ ಹೆಸರು, ಮುಂದೆ ಎಸ್ಒ ಎಂಬ ಬಾಲ, “ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಲಾಗದು” ಎಂಬ ಮಾತು ಇದ್ದರೆ ಪೈಥಾನಿನ ತಕರಾರೇ ಅಲ್ಲ. ಲಿನಕ್ಸ್ ಮಟ್ಟದ ಲೈಬ್ರರಿ ಆ ಯಂತ್ರದಲ್ಲಿಲ್ಲ. ಕಂಪೋಸರಿನಲ್ಲಿ ನಾವು ಎಪಿಟಿ (ಲಿನಕ್ಸ್ ಪ್ಯಾಕೇಜುಗಳನ್ನು ಹಾಕುವ ಆದೇಶ) ಬಳಸಿ ಅದನ್ನು ಹಾಕುವಂತಿಲ್ಲ. ಪೋಸ್ಟ್‌ಗ್ರೆಸ್‌ಗೆ ಸೈಕೋಪಿಜಿ2 ಬೈನರಿ, ಓಪನ್‌ಸಿವಿಗೆ ಹೆಡ್‌ಲೆಸ್ ಎಂಬ ರೂಪ ಇದೆ. ಬೇಕಾದದ್ದನ್ನು ತಮ್ಮೊಳಗೇ ಹೊತ್ತು ತರುವ ಅಥವಾ ಅದರ ಅಗತ್ಯವೇ ಇಲ್ಲದ ಪ್ಯಾಕೇಜುಗಳು ಅವು. 2024ರ ಜೂನ್‌ನಲ್ಲಿ ಅಂಕಿಗಳ ಲೆಕ್ಕದ ಲೈಬ್ರರಿಯಾದ ನಂಪೈನ 2.0 ಆವೃತ್ತಿ ಬಂದಾಗ ಇನ್ನೊಂದು ರೀತಿಯ ಮುರಿತವನ್ನು ನೋಡಿದೆವು. ನಂಪೈ 1ಕ್ಕೆ ಕಂಪೈಲ್ ಆಗಿದ್ದ ಲೈಬ್ರರಿಗಳು ಇಂಪೋರ್ಟ್ ಹೊತ್ತಿಗೇ ನಿಂತವು. ನಂಪೈ 2ಕ್ಕಿಂತ ಕಡಿಮೆ ಇರಲಿ ಎಂದು ಒಂದು ಸಾಲು ಬರೆದವರಿಗೆ ಆ ಹೊತ್ತಿಗೆ ಅಷ್ಟೇ ಸಾಕಾಯಿತು.

ಏರ್‌ಫ್ಲೋ ತಾನೇ ಹೆಸರುಗಳನ್ನು ಬದಲಿಸಿದ್ದೂ ಇದೆ. 2020ರ ಡಿಸೆಂಬರಿನಲ್ಲಿ ಬಂದ ಏರ್‌ಫ್ಲೋ 2ರಲ್ಲಿ ಗೂಗಲ್, ಅಮೆಜಾನ್ ಮುಂತಾದವರ ಆಪರೇಟರುಗಳು (ಟಾಸ್ಕ್‌ಗಳ ಸಿದ್ಧ ಮಾದರಿಗಳು) ಪ್ರೊವೈಡರ್ ಎಂಬ ಬೇರೆ ಪ್ಯಾಕೇಜುಗಳಿಗೆ ಹೋದವು. ಪ್ಲಗಿನ್‌ನಲ್ಲಿಟ್ಟ ಆಪರೇಟರನ್ನು ಏರ್‌ಫ್ಲೋ ಡಾಟ್ ಆಪರೇಟರ್ಸ್ ಎಂಬ ಹೆಸರಿನಡಿ ಇಂಪೋರ್ಟ್ ಮಾಡುವ ಹಳೆಯ ಪದ್ಧತಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಬಂದ ಏರ್‌ಫ್ಲೋ 3ರಲ್ಲಿ ಡೇಸ್ ಅಗೋ ಫಂಕ್ಷನ್ ಇಲ್ಲ, ಹಳೆಯ ಕಾಂಟ್ರಿಬ್ ದಾರಿಗಳೂ ಇಲ್ಲ. ಪಾಠಗಳನ್ನು ನೋಡಿ ಕಲಿಯುವ ಹೊಸಬರು ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ಪಾಠ ಬರೆದ ಕಾಲದ ಏರ್‌ಫ್ಲೋ ಒಂದು, ಅವರ ಕೈಯಲ್ಲಿರುವುದು ಇನ್ನೊಂದು. ಅವರ ಬುದ್ಧಿಯ ಕೊರತೆ ಅದಲ್ಲ. ಹಿರಿಯರಾದವರು ಪಕ್ಕದಲ್ಲಿ ಕುಳಿತು ಆವೃತ್ತಿ ಯಾವುದೆಂದು ಮೊದಲು ನೋಡಿಸಿದರೆ ಅವರ ಅರ್ಧ ದಿನ ಉಳಿಯುತ್ತದೆ.

ಹಾಗಾದರೆ ಯಂತ್ರವನ್ನು ಕೇಳುವುದು ಹೇಗೆ? ನಾನು ಪ್ರತಿ ಪರಿಸರದಲ್ಲೂ ಒಂದು ತಪಾಸಣೆಯ ಡ್ಯಾಗ್ ಇಟ್ಟಿರುತ್ತೇನೆ. ಅದು ಏರ್‌ಫ್ಲೋ ಮತ್ತು ಪೈಥಾನಿನ ಸ್ವಂತ ಲೈಬ್ರರಿಗಳನ್ನು ಬಿಟ್ಟು ಬೇರೇನನ್ನೂ ಇಂಪೋರ್ಟ್ ಮಾಡುವುದಿಲ್ಲ, ಹಾಗಾಗಿ ಅದು ತಾನೇ ಮುರಿಯುವ ಭಯವಿಲ್ಲ. ಕೈಯಾರೆ ಓಡಿಸಿದಾಗ ಮಾತ್ರ ಓಡುತ್ತದೆ, ಮಾಡ್ಯೂಲಿನ ಹೆಸರೊಂದನ್ನು ಕೇಳುತ್ತದೆ. ಒಳಗೆ ಒಂದೇ ಟಾಸ್ಕ್. ಅದು ಯಂತ್ರದ ಹೆಸರು, ಸಿಸ್ ಎಕ್ಸಿಕ್ಯೂಟಬಲ್, ಪೈಥಾನ್ ಆವೃತ್ತಿ, ಪಾತ್ ಪಟ್ಟಿಯನ್ನು ಸಾಲಿಗೊಂದರಂತೆ ಲಾಗ್‌ಗೆ ಬರೆಯುತ್ತದೆ. ಆಮೇಲೆ ಇಂಪೋರ್ಟ್‌ಲಿಬ್ ಯುಟಿಲ್‌ನ ಫೈಂಡ್ ಸ್ಪೆಕ್ ಫಂಕ್ಷನ್ನಿಗೆ ಆ ಹೆಸರು ಕೊಟ್ಟು, ಸಿಕ್ಕರೆ ಅದರ ಆರಿಜಿನ್ ವಿಳಾಸವನ್ನು ಬರೆಯುತ್ತದೆ. ಹೆಸರಿನಲ್ಲಿ ಚುಕ್ಕಿ ಇಲ್ಲದಿದ್ದರೆ ಫೈಂಡ್ ಸ್ಪೆಕ್ ಆ ಮಾಡ್ಯೂಲನ್ನು ಓಡಿಸದೆ ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಅದೇ ಅದರ ಚೆಲುವು. ಕೊನೆಗೆ ಮೆಟಾಡೇಟಾದಿಂದ ಪ್ಯಾಕೇಜಿನ ಆವೃತ್ತಿ. ಇಷ್ಟು ಮಾಹಿತಿ ಕೈಯಲ್ಲಿದ್ದರೆ ಇಲ್ಲಿಯವರೆಗೆ ಹೇಳಿದ ಬಹುಪಾಲು ದೋಷಗಳು ಯಾವ ಜಾತಿಯವೆಂದು ತಕ್ಷಣ ಗೊತ್ತಾಗುತ್ತದೆ. ವರ್ಕರ್‌ನಲ್ಲಿ ಎಲ್ಲ ಸರಿಯಿದ್ದು ಕೆಂಪು ಪಟ್ಟಿ ಉಳಿದಿದ್ದರೆ ಡ್ಯಾಗ್ ಪ್ರೊಸೆಸರಿನ ಲಾಗ್ ನೋಡಿ. ಏರ್‌ಫ್ಲೋದ ಲಿಸ್ಟ್ ಇಂಪೋರ್ಟ್ ಎರರ್ಸ್ ಆದೇಶ ಪೂರ್ತಿ ಟ್ರೇಸ್‌ಬ್ಯಾಕ್ ಕೊಡುತ್ತದೆ. ಟ್ರೇಸ್‌ಬ್ಯಾಕಿನ ಕೊನೆಯ ಸಾಲನ್ನಷ್ಟೇ ಓದಿ ನಿಲ್ಲಬೇಡಿ. ಯಾರು ಯಾರನ್ನು ಇಂಪೋರ್ಟ್ ಮಾಡುತ್ತಾ ಅಲ್ಲಿಗೆ ಬಂದರು ಎಂಬ ಕಥೆ ಮೇಲಿನ ಸಾಲುಗಳಲ್ಲಿರುತ್ತದೆ.

ಇದೆಲ್ಲ ಬಂದ ಮೇಲಿನ ಚಿಕಿತ್ಸೆ. ಬಾರದಂತೆ ತಡೆಯಲು ಗೂಗಲ್, ಅಮೆಜಾನ್ ಇಬ್ಬರೂ ತಮ್ಮ ಪರಿಸರವನ್ನು ಲ್ಯಾಪ್‌ಟಾಪಿನಲ್ಲಿ ಡಾಕರ್ ಮೂಲಕ ಓಡಿಸುವ ಸಲಕರಣೆಗಳನ್ನು ಕೊಟ್ಟಿದ್ದಾರೆ. ಅದರೊಳಗೆ ಡ್ಯಾಗ್‌ಬ್ಯಾಗ್ (ಎಲ್ಲ ಡ್ಯಾಗ್ ಕಡತಗಳನ್ನು ಓದುವ ಏರ್‌ಫ್ಲೋದ ಭಾಗ) ಲೋಡ್ ಮಾಡಿ, ಇಂಪೋರ್ಟ್ ಎರರ್ಸ್ ಎಂಬ ಅದರ ಪಟ್ಟಿ ಖಾಲಿ ಇದೆಯೇ ಎಂದು ನೋಡುವ ಒಂದು ಪರೀಕ್ಷೆ ಬರೆಯಿರಿ. ನಾಲ್ಕೈದು ಸಾಲಿನ ಪರೀಕ್ಷೆ ಅದು. ಮರ್ಜ್‌ಗೆ ಮುಂಚೆ ತಪ್ಪದೆ ಓಡುವಂತೆ ಮಾಡಿ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: ಒಂದೇ ಪರಿಸರದಲ್ಲಿ ಒಂದು ತಂಡಕ್ಕೆ ಹಳೆಯ ಪಾಂಡಾಸ್ ಲೈಬ್ರರಿ, ಇನ್ನೊಂದು ತಂಡಕ್ಕೆ ಹೊಸದು ಬೇಕು, ಏನು ಮಾಡುವುದು? ಒಂದೇ ಪೈಥಾನಿನಲ್ಲಿ ಎರಡನ್ನೂ ಇಡಲಾಗದು, ಅದಕ್ಕಾಗಿ ಹೆಣಗಬೇಡಿ. ಪೈಥಾನ್ ವರ್ಚುವಲ್‌ಎನ್ವ್ ಆಪರೇಟರ್ ಟಾಸ್ಕ್‌ಗೆ ಬೇಕಾದ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿ ಹಾಕಿ ಓಡಿಸುತ್ತದೆ. ಆದರೆ ಆ ಇನ್‌ಸ್ಟಾಲ್‌ಗೆ ಸಮಯ ಬೇಕು, ಫಂಕ್ಷನ್ ತನಗೆ ಬೇಕಾದ ಇಂಪೋರ್ಟುಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡಿರಬೇಕು. ಏರ್‌ಫ್ಲೋ 2.4ರಲ್ಲಿ ಬಂದ ಎಕ್ಸ್‌ಟರ್ನಲ್ ಪೈಥಾನ್ ಆಪರೇಟರ್ ಮೊದಲೇ ಕಟ್ಟಿಟ್ಟ ಪರಿಸರವನ್ನು ಬಳಸುತ್ತದೆ, ನಿರ್ವಹಿತ ಸೇವೆಗಳಲ್ಲಿ ಅದನ್ನು ಕಟ್ಟಿಡುವುದೇ ಕಷ್ಟ. ಎರಡು ತಂಡಗಳು ದೀರ್ಘಕಾಲ ಬೇರೆ ಬೇರೆ ದಾರಿಯಲ್ಲಿ ಹೋಗುವುದು ಖಚಿತವಾಗಿದ್ದರೆ ನನ್ನ ಆಯ್ಕೆ ಕುಬರ್ನೆಟೀಸ್ ಪಾಡ್ ಆಪರೇಟರ್. ತಂಡಕ್ಕೊಂದು ಇಮೇಜ್, ಅದರೊಳಗೆ ಅವರ ಇಷ್ಟದ ಪೈಥಾನ್. ಲಿಬ್‌ಜಿಎಲ್‌ನಂಥ ಲಿನಕ್ಸ್ ಲೈಬ್ರರಿಗಳ ಸಮಸ್ಯೆಯೂ ಅಲ್ಲಿಗೇ ತೀರುತ್ತದೆ.

ಇನ್ನೊಬ್ಬರು ಕೇಳಿದರು: ಡ್ಯಾಗ್ ಕಡತದ ತಲೆಯಲ್ಲೇ ಪಿಪ್ ಇನ್‌ಸ್ಟಾಲ್ ಕರೆದರೆ ಕೆಲಸ ಆಗುತ್ತದಲ್ಲ? ಒಂದು ಸಲ ಆದಂತೆ ಕಾಣಬಹುದು. ಆದರೆ ಡ್ಯಾಗ್ ಪ್ರೊಸೆಸರ್ ಅದೇ ಕಡತವನ್ನು ಸುಮಾರು 30 ಸೆಕೆಂಡಿಗೊಮ್ಮೆ ಮತ್ತೆ ಓದುತ್ತದೆ, ಪ್ರತಿ ಓದಿಗೂ ಪಿಪ್ ಓಡುತ್ತದೆ. ಅಲ್ಲಿ ಬದಲಾದ ಆವೃತ್ತಿ ಅದೇ ಯಂತ್ರದಲ್ಲಿ ಓಡುತ್ತಿರುವ ಬೇರೆಯವರ ಟಾಸ್ಕ್‌ಗಳ ಕೆಳಗಿನಿಂದ ನೆಲ ಎಳೆಯುತ್ತದೆ. ಯಂತ್ರ ಬದಲಾದಾಗ ಆ ಇನ್‌ಸ್ಟಾಲ್ ಉಳಿಯುವುದೂ ಇಲ್ಲ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಮೂರನೆಯ ಪ್ರಶ್ನೆ ಬ್ಯಾಂಕಿನ ಕೆಲಸದಲ್ಲಿರುವವರದು: ನಮ್ಮ ಪರಿಸರಕ್ಕೆ ಇಂಟರ್‌ನೆಟ್ ಇಲ್ಲ, ಪೈಪಿಐ ಸಿಗುವುದಿಲ್ಲ. ಕಂಪೋಸರಿನಲ್ಲಿ ಆರ್ಟಿಫ್ಯಾಕ್ಟ್ ರಿಜಿಸ್ಟ್ರಿಯಲ್ಲಿ ನಿಮ್ಮದೇ ಪ್ಯಾಕೇಜ್ ಭಂಡಾರ ಇಟ್ಟುಕೊಂಡು, ಬಕೆಟ್‌ನ ಕಾನ್ಫಿಗ್ ಫೋಲ್ಡರಿನ ಕೆಳಗೆ ಪಿಪ್ ಎಂಬ ಫೋಲ್ಡರಿನಲ್ಲಿ ಪಿಪ್ ಕಾನ್ಫ್ ಕಡತ ಹಾಕಿ ಅದನ್ನು ತೋರಿಸಬೇಕು. ಎಂಡಬ್ಲ್ಯುಎಎಯಲ್ಲಿ ವ್ಹೀಲ್ ಕಡತಗಳನ್ನು (ಇನ್‌ಸ್ಟಾಲ್‌ಗೆ ಸಿದ್ಧವಾದ ಪ್ಯಾಕೇಜ್ ಕಡತಗಳು) ಪ್ಲಗಿನ್ಸ್ ಜಿಪ್‌ನಲ್ಲಿ ಕಟ್ಟಿ ಕಳುಹಿಸಿ, ರಿಕ್ವೈರ್‌ಮೆಂಟ್ಸ್‌ನಲ್ಲಿ ಫೈಂಡ್ ಲಿಂಕ್ಸ್ ಮೂಲಕ ಪ್ಲಗಿನ್ಸ್ ಫೋಲ್ಡರನ್ನು ಹೇಳಿ, ನೋ ಇಂಡೆಕ್ಸ್ ಎಂದು ಬರೆಯಬೇಕು. ವ್ಹೀಲ್‌ಗಳನ್ನು ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಳ್ಳುವವರು ಎಚ್ಚರ ವಹಿಸಬೇಕು. ಏನೂ ಹೇಳದೆ ಪಿಪ್ ಡೌನ್‌ಲೋಡ್ ಕರೆದರೆ ಬರುವುದು ಮ್ಯಾಕ್‌ನ ವ್ಹೀಲ್, ಅದು ಲಿನಕ್ಸ್ ವರ್ಕರ್‌ನಲ್ಲಿ ಸೇರುವುದಿಲ್ಲ. ಪ್ಲಾಟ್‌ಫಾರ್ಮ್ ಮೆನಿಲಿನಕ್ಸ್ 2014 ಎಂದೂ, ಪೈಥಾನ್ ಆವೃತ್ತಿ ನಿಮ್ಮ ಪರಿಸರದ್ದೇ ಎಂದೂ, ಬೈನರಿ ಮಾತ್ರ ಸಾಕೆಂದೂ ಮೂರನ್ನೂ ಹೇಳಿ ಇಳಿಸಿಕೊಳ್ಳಿ. ಜಿಪ್ ಮಾಡುವ ಮುನ್ನ ಪ್ರತಿ ವ್ಹೀಲ್‌ನ ಹೆಸರಿನ ಕೊನೆಯ ಭಾಗವನ್ನು ಒಮ್ಮೆ ಓದಿ. ಯಾವ ಪೈಥಾನಿಗೆ, ಯಾವ ಯಂತ್ರಕ್ಕೆ ಎಂಬುದು ಅಲ್ಲೇ ಬರೆದಿರುತ್ತದೆ.